ಹೋಳಿಗೆ ಸ್ವೀಕಾರಾಧಿಕಾರಿ

ಉಮರ್ಗಾ ತಾಲೂಕಿನ ನೋಂದಾಯಿತ ಸಕ್ಕರೆ ರೋಗಿಗಳೆಲ್ಲರ ರೋಗವು ಸಂಪೂರ್ಣ ಹತೋಟಿಗೆ ಬಂದಿದೆ ಎಂದೂ, ಇದಕ್ಕಾಗಿ ತಾಲೂಕಿನ ಯಾವ ಮನೆಯಲ್ಲಿಯೂ ಒಂದೇ ಒಂದು ಹೋಳಿಗೆಯನ್ನು ಕಡಿಮೆ ಮಾಡಬೇಕಾಗಿ ಬಂದಿಲ್ಲ ಎಂದೂ ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸಲಾಗಿದೆ. ಈ ಪ್ರಕಟಣೆ ಹೊರಟದ್ದು ಉಮರ್ಗಾವು ಹೈದರಾಬಾದ ರಾಜ್ಯ ಬಿಟ್ಟು ಮುಂಬಯಿ ರಾಜ್ಯಕ್ಕೆ ಸೇರಿದ ಮರುವರ್ಷ. ನೋಂದಾಯಿತ ರೋಗಿಗಳು ಒಟ್ಟು ಮೂವರು. ಅವರಲ್ಲಿ ಮೊದಲನೆಯವರು ಪಂಚಯ್ಯನವರು.

ಪಂಚಯ್ಯನವರು ಊರಿನ ಜಂಗಮರು. ಕೂಸಿಗೆ ಲಿಂಗ ಕಟ್ಟುವುದರಿಂದ ಹಿಡಿದು ಹೊಸ ಮನೆಯ ಹೊಸ್ತಿಲು ಪೂಜೆಯ ತನಕ ಅವರೇ ಬೇಕು. ಪೂಜೆ ಮುಗಿದ ಮೇಲೆ ಅಯ್ಯನವರನ್ನು ಕೂಡ್ರಿಸಿ ಉಣಿಸುವುದಕ್ಕೆ ಬಿನ್ನಹ ಎನ್ನುತ್ತಾರೆ. ಬಿನ್ನಹಕ್ಕೆ ನಿಯಮಗಳು ಎರಡೇ. ಬಡಿಸುವವರು ಕೈ ಹಿಡಿಯಬಾರದು. ಉಣ್ಣುವವರು ಗಂಗಾಳದಲ್ಲಿ ಏನನ್ನೂ ಬಿಡಬಾರದು. ಬಿಟ್ಟರೆ ಪ್ರಸಾದಕ್ಕೆ ಅಪಚಾರ. ಈ ನಿಯಮಗಳನ್ನು ಪಂಚಯ್ಯನವರು ವರ್ಷಾನುಗಟ್ಟಲೆ ಪಾಲಿಸಿದ್ದರು, ಸಕ್ಕರೆ ರೋಗವೂ ಅಷ್ಟೇ ವರ್ಷ ಅವರನ್ನು ನಿಷ್ಠೆಯಿಂದ ಪಾಲಿಸಿತ್ತು. ನಿಜಾಮರು ಹೋದರು, ರಜಾಕಾರರು ಹೋದರು, ಕೊನೆಗೆ ರಾಜ್ಯವೇ ಹೋಯಿತು. ರೋಗ ಮಾತ್ರ ಬದಲಿ ಆಗಲಿಲ್ಲ.

ಆ ವರ್ಷ ಅವರ ಬಲಗಾಲಿನ ಹೆಬ್ಬೆರಳಿಗೆ ಒಂದು ಕಲ್ಲು ತಾಗಿ ಗಾಯವಾಯಿತು. ಮಾಯಬೇಕಾದ ಗಾಯ ಮಾಯದೆ ಕಪ್ಪಾಗತೊಡಗಿತು. ದವಾಖಾನೆಯ ಡಾಕ್ಟರು ಪುಣೆಯ ಕಡೆಯವರು, ಕನ್ನಡವನ್ನು ರೋಗಿಗಳಿಂದಲೇ ಕಲಿತವರು. ಅವರು ಪಂಚಯ್ಯನವರ ಮೂತ್ರದ ಹನಿಗಳನ್ನು ಗಾಜಿನ ನಳಿಗೆಯ ನೀಲಿ ದ್ರಾವಣಕ್ಕೆ ಹಾಕಿ ದೀಪದ ಮೇಲೆ ಕಾಸಿದರು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ, ಇಟ್ಟಂಗಿ ಬಣ್ಣಕ್ಕೆ ತಿರುಗಿದರೆ ಬಹಳ ಇದೆ ಎಂದು ಲೆಕ್ಕ. ಪಂಚಯ್ಯನವರ ನಳಿಗೆಯಿಂದ ಒಂದು ಗೋಡೆ ಕಟ್ಟಬಹುದಾಗಿತ್ತು.

"ಅಯ್ನೋರೇ, ಎರಡರಾಗ ಒಂದು ಆರಿಸ್ಕೋರಿ," ಎಂದರು ಡಾಕ್ಟರು. "ಹೋಳಿಗಿ ಬಿಡ್ರಿ, ಇಲ್ಲಾಂದ್ರ ಕಾಲಿನ ಬೊಟ್ಟು ಬಿಡ್ರಿ. ಬೊಟ್ಟಿನ ಹಿಂದ ಕಾಲೂ ಹೋಗ್ತದ. ಅದಕ್ಕ ನನ್ನ ಹುಕುಮ ಬೇಕಾಗಿಲ್ಲ."

ಪಂಚಯ್ಯನವರು ತಮ್ಮ ಕಾಲು ನೋಡಿಕೊಂಡರು. ಹೊಲವಿಲ್ಲದ ಜಂಗಮನಿಗೆ ಕಾಲೇ ಹೊಲ. ಮನೆಮನೆಗೆ ನಡೆಯಲಾರದ ಅಯ್ಯನನ್ನು ಯಾರು ಕರೆದಾರು, ಮನೆಯಲ್ಲಿ ಹೆಂಡತಿ ಸಂಗಮ್ಮ ಏನು ಬೇಯಿಸಿಯಾಳು?

ಡಾಕ್ಟರು ಜಗಲಿಯ ಮೇಲೆ ಬಾಟಲಿ ಹಿಡಿದು ಕೂತಿದ್ದ ಇನ್ನಿಬ್ಬರನ್ನು ತೋರಿಸಿದರು. ಒಬ್ಬರು ಗುಂಜೋಟಿಯಲ್ಲಿ ಹೊಲ, ಉಮರ್ಗಾದಲ್ಲಿ ಮನೆ ಇದ್ದ ರೇವಣಪ್ಪ. ಇನ್ನೊಬ್ಬರು ಪೇಟೆ ಓಣಿಯ ಕಸ್ತೂರಬಾಯಿ. ಈಕೆಯ ಬಾಯಿಗೆ ಹೆದರಿ ಓಣಿಯ ಎತ್ತುಗಳೂ ಸರಿದು ನಿಲ್ಲುತ್ತಿದ್ದವು. "ಮೂವರೂ ಕೂಡಿ ಮುಂಜಾನೆ ನಡೀರಿ. ಒಬ್ಬರ ಗಂಗಾಳ ಒಬ್ಬರು ನೋಡ್ರಿ. ಔಷಧಕ್ಕಿಂತ ಅದು ಛಲೋ," ಎಂದರು ಡಾಕ್ಟರು.

ಹಾಗೆಯೇ ನಡೆಯಿತು. ದಿನಾ ಬೆಳಗ್ಗೆ ಮೂವರೂ ನಳದುರ್ಗದ ರಸ್ತೆ ಹಿಡಿದು ಹೋಗುವರು. ಪಂಚಯ್ಯನವರು ಬೊಟ್ಟಿಗೆ ಅರಿವೆ ಸುತ್ತಿಕೊಂಡು ಹಿಂದೆ ಉಳಿದರೆ ಕಸ್ತೂರಬಾಯಿ ನಿಂತು ಕಾಯುವಳು, ಕಾಯುತ್ತಲೇ ಬೈಯುವಳು. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ. ರೇವಣಪ್ಪ ಚಹಾದಲ್ಲಿ ಬೆಲ್ಲ ಹಾಕಿಸಿಕೊಂಡದ್ದು ಒಮ್ಮೆ ಗೊತ್ತಾಗಿ, ಆತನ ಹೆಂಡತಿಗಿಂತ ಮೊದಲು ಕಸ್ತೂರಬಾಯಿ ಜಗಳ ತೆಗೆದಳು. ಅವರಿಬ್ಬರ ನಳಿಗೆಗಳು ಬೇಗನೆ ಹಸಿರಿಗೆ, ಹಸಿರಿನಿಂದ ನೀಲಿಗೆ ಬಂದವು. ಪಂಚಯ್ಯನವರದೂ ಹಳದಿಯ ತನಕ ಬಂತು. ಅಷ್ಟರಲ್ಲಿ ಶ್ರಾವಣ ಬಂತು.

ಶ್ರಾವಣದಲ್ಲಿ ಜಂಗಮರಿಗೆ ಬಿಡುವೆಂಬುದಿಲ್ಲ. "ಅಯ್ನೋರನ್ನ ಒಬ್ಬರನ್ನೇ ಬಿಟ್ರ ಕೆಟ್ಟೇವು," ಎಂದು ಕಸ್ತೂರಬಾಯಿ ತಾನೂ ರೇವಣಪ್ಪನೂ ಬಿನ್ನಹಕ್ಕೆ ಕಾವಲು ಹೋಗುವುದೆಂದು ಠರಾಯಿಸಿದಳು. ಮೊದಲನೆಯ ಮನೆಯಲ್ಲಿಯೇ ಯಜಮಾನಿ ತುಪ್ಪ ಸುರಿದ ಹೂರಣದ ಹೋಳಿಗೆಗಳನ್ನು ಅಯ್ಯನವರ ಗಂಗಾಳದಲ್ಲಿ ಒಂದರ ಮೇಲೊಂದು ಒಟ್ಟಿದಳು. ಕಸ್ತೂರಬಾಯಿ ಎದುರಿಗೆ ಕೂತು ಕಣ್ಣು ಕೆಕ್ಕರಿಸಿದಳು. ಉಂಡರೆ ಕಾಲು ಹೋಗುತ್ತದೆ, ಬಿಟ್ಟರೆ ಧರ್ಮ ಹೋಗುತ್ತದೆ.  ಆಗ ಪಂಚಯ್ಯನವರಿಗೆ ಒಂದು ಹಾದಿ ಹೊಳೆಯಿತು. ಜಂಗಮರು ಮುಟ್ಟಿ ಕೊಟ್ಟದ್ದು ಪ್ರಸಾದ. ಅವರು ಹೋಳಿಗೆಗಳನ್ನು ಮುಟ್ಟಿ, ಕಣ್ಣು ಮುಚ್ಚಿ, ಎದುರಿಗೆ ಕೂತ ಭಕ್ತರಿಬ್ಬರಿಗೆ ಹಂಚಿದರು.

"ಅಯ್ನೋರೇ, ಇದೇನ್ ಮಾಡ್ಲತ್ತೀರಿ?" ಎಂದ ರೇವಣಪ್ಪ.

"ಪ್ರಸಾದಪ್ಪಾ. ಬ್ಯಾಡ ಅನಬಾರ್ದು."

ಬೇಡ ಅನ್ನಲು ಅವರಿಬ್ಬರೂ ಅಂಥ ಕುಲದಲ್ಲಿ ಹುಟ್ಟಿದವರಲ್ಲ. ಎರಡೂ ಕೈಯೊಡ್ಡಿ ತೆಗೆದುಕೊಂಡರು, ಕಣ್ಣಿಗೊತ್ತಿಕೊಂಡರು, ತಿಂದರು. ಶ್ರಾವಣ ಪೂರ್ತಿ ಹೀಗೆಯೇ ಕಾವಲು ನಡೆಯಿತು. ತಿಂಗಳು ಮುಗಿದಾಗ ಪಂಚಯ್ಯನವರ ನಳಿಗೆ ನೀಲಿಯಾಗಿತ್ತು, ಅವರಿಬ್ಬರದು ಇಟ್ಟಂಗಿಯಾಗಿತ್ತು. ಡಾಕ್ಟರು ಬಾಟಲಿಗಳು ಅದಲುಬದಲಾದವೆಂದು ಮತ್ತೊಮ್ಮೆ ಕಾಸಿ ನೋಡಿದರು. ಆಮೇಲೆ ಕುರ್ಚಿಯಲ್ಲಿ ಕೂತು, "ತಾಲೂಕಿನಾಗ ಸಕ್ಕರಿ ಇದ್ದಷ್ಟೇ ಅದ. ಫಕ್ತ ಮನಿ ಬದಲ್ ಮಾಡ್ಯದ," ಎಂದರು.

ಮನ್ಮಥಪ್ಪನವರು ಪ್ರವೇಶಿಸಿದ್ದು ಇಲ್ಲಿ. ಅವರು ಕಾಳುಕಡಿಯ ಅಡತಿ ವ್ಯಾಪಾರಿಗಳು. ಊರಿನಲ್ಲಿ ಎಲ್ಲಿ ಮೂವರು ಕೂಡಿದರೂ ನಾಲ್ಕನೆಯವರಾಗಿ ಬಂದು ಅಧ್ಯಕ್ಷರಾಗುವುದು ಅವರ ಪದ್ಧತಿ. ಅವರಿಗೆ ಸಕ್ಕರೆ ರೋಗ ಇರಲಿಲ್ಲ, ಸಕ್ಕರೆಯ ಮೇಲೆ ಪ್ರೀತಿ ಇತ್ತು. ಅವರ ಮುಂದಾಳುತನದಲ್ಲಿ ಉಮರ್ಗಾ ಮಧುಮೇಹಿ ಪರಸ್ಪರ ಸಹಾಯಕ ಮಂಡಳಿ ಸ್ಥಾಪನೆಯಾಯಿತು. ಅದರ ನಿಯಮಗಳನ್ನು ಡಂಗುರ ಹೊಡೆಸಿ ಸಾರಲಾಯಿತು:

"ರೋಗಿಯು ರೋಗದ ಬಗ್ಗೆ ನಿಷ್ಪಕ್ಷಪಾತಿ ಆಗಿರಲಾರನಾದ್ದರಿಂದ ಅಧ್ಯಕ್ಷರು ರೋಗವಿಲ್ಲದವರೇ ಆಗಿರತಕ್ಕದ್ದು. ಸದಸ್ಯರಿಗೆ ಬಡಿಸಲ್ಪಟ್ಟ ಸಮಸ್ತ ಸಿಹಿ ಪದಾರ್ಥಗಳನ್ನು ಅಧ್ಯಕ್ಷರು ಹೋಳಿಗೆ ಸ್ವೀಕಾರಾಧಿಕಾರಿ ಎಂಬ ಹುದ್ದೆಯ ಬಲದಿಂದ, ಸದಸ್ಯರ ಪರವಾಗಿ, ಸ್ಥಳದಲ್ಲಿಯೇ ಸ್ವೀಕರಿಸತಕ್ಕದ್ದು. ತುಪ್ಪವನ್ನು ಹೋಳಿಗೆಯ ಭಾಗವೆಂದೇ ತಿಳಿಯತಕ್ಕದ್ದು."

ಯೋಜನೆ ಅದ್ಭುತವಾಗಿ ಫಲಿಸಿತು. ಅಯ್ಯನವರು ಮುಟ್ಟಿ ಕೊಡುವರು, ಅಧ್ಯಕ್ಷರು ತಿನ್ನುವರು, ಯಜಮಾನಿಯರಿಗೆ ಪುಣ್ಯ ಬರುವುದು. ಮೂರೂ ನಳಿಗೆಗಳು ನೀಲಿಯಾದವು. ಪಂಚಯ್ಯನವರ ಬೊಟ್ಟು ಮಾಯ್ದು ಹೊಸ ಚರ್ಮ ಬಂತು. ಅದನ್ನು ನೋಡಿದ ದಿನ ಅವರು ಸಂಗಮ್ಮನ ಮುಂದೆ ಅತ್ತರು, ಆಕೆಯೂ ಅತ್ತಳು. ಮೇಲಿನ ಕಚೇರಿಯವರು ಮೆಚ್ಚಿ, ಯೋಜನೆಯನ್ನು ನಿಲಂಗಾ ಮತ್ತು ಉದಗೀರಕ್ಕೆ ವಿಸ್ತರಿಸಿದರು. ನಿಲಂಗಾದಲ್ಲಿ ಸ್ವೀಕಾರಾಧಿಕಾರಿ ಹುದ್ದೆಗೆ ಜನ ಮುಗಿಬಿದ್ದರು, ರೋಗಿಗಳು ಯಾರೂ ಬರಲಿಲ್ಲ. ಆದರೂ ನೇಮಕ ನಿಲ್ಲಬಾರದೆಂದು ಹೊಸ ಅಧಿಕಾರಿಗಳು ಮುಂದೆ ಬರಬಹುದಾದ ರೋಗಿಗಳ ಪರವಾಗಿ ತಿನ್ನತೊಡಗಿದರು. ಉದಗೀರದಲ್ಲಿ ಇಬ್ಬರು ಅಧ್ಯಕ್ಷರಾಗಿ, ಹುಗ್ಗಿ ಯಾರಿಗೆ ಕಡಬು ಯಾರಿಗೆ ಎಂಬ ತಕರಾರು ಇನ್ನೂ ಮುಂಬಯಿಯಲ್ಲಿ ವಿಚಾರಣೆಯಲ್ಲಿದೆ.

ಒಂದು ಬಿನ್ನಹದಲ್ಲಿ ಮನ್ಮಥಪ್ಪನವರು ತಂಬಿಗೆಯ ನೀರನ್ನು ಒಂದೇ ಉಸುರಿಗೆ ಕುಡಿದು, ಮತ್ತೊಂದು ತಂಬಿಗೆ ತರಿಸಿ ಕುಡಿದು, ಹಿತ್ತಲಿಗೆ ಹೋಗಿ ಬಂದು, ಮತ್ತೆ ನೀರು ಕೇಳಿದರು.  ಆ ಬಾಯಾರಿಕೆ ಎಂಥದೆಂದು ಪಂಚಯ್ಯನವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೈ ಹಿಡಿದು ದವಾಖಾನೆಗೆ ಕರೆದೊಯ್ದರು. ಅಧ್ಯಕ್ಷರ ನಳಿಗೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಇಟ್ಟಂಗಿಯಾಯಿತು.

"ತಪ್ಪು ನಂದು," ಎಂದರು ಪಂಚಯ್ಯನವರು ಮಂಡಳಿಯ ತುರ್ತು ಸಭೆಯಲ್ಲಿ. "ನನ್ನ ಕಾಲು ಉಳಸ್ಲಿಕ್ಕ ಇವರ ಜೀವಕ್ಕ ರೋಗ ಹಚ್ಚೀನಿ. ಮನಿಮನಿಗಿ ಹೋಗಿ ಹೇಳೂನು, ಬಿನ್ನಹಕ್ಕ ಹೋಳಿಗಿನೇ ಬ್ಯಾಡ. ರೊಟ್ಟಿ ಸಾಕು."

 ಮೊದಲು ಬೇಡವೆಂದವರು ಮನ್ಮಥಪ್ಪನವರೇ. "ಹೋಳಿಗಿ ನಿಂತ್ರ ಹುದ್ದಿ ನಿಂತ್ಹಂಗ, ಅಯ್ನೋರೇ. ಹುದ್ದಿ ನಿಂತ್ರ ಮಂಡಳಿ ನಿಂತ್ಹಂಗ. ನನ್ನ ಒಬ್ಬನ ಸಲುವಾಗಿ ತಾಲೂಕಿಗಿ ನುಕಸಾನ ಮಾಡಬ್ಯಾಡ್ರಿ." ಊರ ಯಜಮಾನಿಯರೂ ಒಪ್ಪಲಿಲ್ಲ, ಹೋಳಿಗೆ ಇಲ್ಲದ ಬಿನ್ನಹ ಮಾಡಿ ನಾಲ್ಕು ಮಂದಿಯಲ್ಲಿ ಮುಖ ತೋರಿಸುವುದು ಹೇಗೆ? ಮೇಲಿನ ಕಚೇರಿಯಿಂದಲೂ ಉತ್ತರ ಬಂತು. ಮಂಜೂರಾದ ಯೋಜನೆಯಲ್ಲಿ ಸಿಹಿ ಸೇರಿರುವುದರಿಂದ ಅದನ್ನು ತೆಗೆಯಲು ಬರುವುದಿಲ್ಲ, ಅಲ್ಲದೆ ಅಧ್ಯಕ್ಷರಿಗೆ ಏರಿದ ಸಕ್ಕರೆಯು ಸದಸ್ಯರಿಂದ ಇಳಿದ ಸಕ್ಕರೆಗೆ ಸರಿಯಾದ ರಸೀದಿ ಎಂದು ಭಾವಿಸಲಾಗಿದೆ.

ಆದ್ದರಿಂದ ಮನ್ಮಥಪ್ಪನವರನ್ನು ನಾಲ್ಕನೆಯ ರೋಗಿಯೆಂದು ಹಾರ ಹಾಕಿ ನೋಂದಾಯಿಸಿ, ನಿಯಮ ಸಡಿಲಿಸಿ ಅಧ್ಯಕ್ಷಗಿರಿಯಲ್ಲಿ ಮುಂದುವರಿಸಲಾಯಿತು. ತೆರವಾದ ಸ್ವೀಕಾರಾಧಿಕಾರಿ ಹುದ್ದೆಗೆ ನಿರೋಗಿಯೂ, ಸದಾ ಲಭ್ಯಳೂ ಆದ ಒಬ್ಬಳನ್ನು, ಪಂಚಯ್ಯನವರು ಬಾರದ ಸಭೆಯಲ್ಲಿ, ಸರ್ವಾನುಮತದಿಂದ ಆರಿಸಲಾಯಿತು. ಪಂಚಯ್ಯನವರಿಗೆ ಅದು ತಿಳಿದದ್ದು ಮನ್ಮಥಪ್ಪನವರ ಮನೆಯ ಬಿನ್ನಹದಲ್ಲಿ, ಎದುರಿಗೆ ಹೊಸ ಸೀರೆ ಉಟ್ಟು ಬಂದು ಕೂತವಳನ್ನು ನೋಡಿದಾಗ.

"ನೀ ಯಾಕ ಬಂದಿ?" ಎಂದರು.

"ನನಗೇ ಕೊಟ್ಟಾರ ಹುದ್ದಿ," ಎಂದಳು ಸಂಗಮ್ಮ, ನಾಚಿ. "ಮದಿವಿ ಆದಾಗಿಂದ ನೀವು ಊರ ಹೋಳಿಗಿ ಉಂಡು ಬರ್ತೀರಿ, ನಾ ಮನ್ಯಾಗ ರೊಟ್ಟಿ ತಿಂತೀನಿ. ನಿಮ್ಮ ಕಾಲಿಗಿ ಛಲೋ ಆಗ್ತದಂದ್ರ ನಾ ತಿಂತೀನಿ ತಗೋರಿ. ಕೊಡ್ರಿ, ಮಂದಿ ನೋಡ್ಲತ್ತಾರ."

ಆಕೆ ಬೊಗಸೆಯೊಡ್ಡಿದಳು. ಪಂಚಯ್ಯನವರು ಹೋಳಿಗೆ ಮುಟ್ಟಿದರು, ಆದರೆ ಕೈ ಮುಂದೆ ಹೋಗಲಿಲ್ಲ. ಊರಿನವರ ಕೈಗೆ ಹಾಕುವಾಗ ಇಷ್ಟು ಭಾರವಿರಲಿಲ್ಲವಲ್ಲ ಎಂದು ಅವರಿಗೆ ತಮ್ಮ ಮೇಲೆಯೇ ನಾಚಿಕೆಯಾಯಿತು. ಎಲ್ಲರೂ ನೋಡುತ್ತಿರುವಂತೆಯೇ ಅವರು ಹೋಳಿಗೆಯನ್ನು ಮುರಿದು ತಮ್ಮ ಬಾಯಿಗೇ ಹಾಕಿಕೊಂಡರು. ಗಂಗಾಳದಲ್ಲಿ ಒಂದು ಚೂರೂ ಬಿಡಲಿಲ್ಲ.

ಇದು ಮಂಡಳಿಯ ಶಿಸ್ತಿನ ಉಲ್ಲಂಘನೆಯೇ ಎಂಬ ಪ್ರಶ್ನೆ ಅಲ್ಲಿಯೇ ಎದ್ದಿತು. ಕೈ ತೊಳೆಯುವುದಕ್ಕೆ ಮೊದಲೇ ಮನ್ಮಥಪ್ಪನವರು ಅದನ್ನು ಬಗೆಹರಿಸಿದರು. ಸಂಗಮ್ಮನವರು ಅಧಿಕಾರ ವಹಿಸಿಕೊಳ್ಳುವ ತನಕ, ಶ್ರೀ ಪಂಚಯ್ಯನವರು ತಮ್ಮ ರೋಗಿಯ ಕೆಲಸದ ಜೊತೆಗೆ ಸ್ವೀಕಾರಾಧಿಕಾರಿ ಹುದ್ದೆಯ ಹೆಚ್ಚುವರಿ ಪ್ರಭಾರದಲ್ಲಿದ್ದರು. ಆ ಹುದ್ದೆಯ ಬಲದಿಂದ ತಮಗೆ ಬಡಿಸಿದ ಹೋಳಿಗೆಗಳನ್ನು ತಮ್ಮ ಪರವಾಗಿ ತಾವೇ ಸ್ವೀಕರಿಸಿದ್ದಾರೆ. ಈ ವ್ಯವಸ್ಥೆಯೇ ಅತ್ಯಂತ ಸುಲಭವಾಗಿ ಕಂಡುಬಂದಿರುವುದರಿಂದ ಇದನ್ನು ಕಾಯಂ ಮಾಡಲಾಗಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಿಲಂಗಾ, ಉದಗೀರಗಳಿಗೂ ಇದೇ ಪದ್ಧತಿ ಅನ್ವಯಿಸುವುದೆಂದು ಮುಂದೆ ಹುಕುಮ ಬಂತು.

ಮರುದಿನ ಬೆಳಗ್ಗೆ ನಳದುರ್ಗದ ರಸ್ತೆಯಲ್ಲಿ ನಾಲ್ವರು ನಡೆದರು. ಹೊಸದಾಗಿ ಸೇರಿದ ಮನ್ಮಥಪ್ಪನವರು ಏದುಸಿರು ಬಿಡುತ್ತ ಬಂದರು. ದಿನಾ ತಿರುಗುವ ಬೇವಿನ ಮರದ ಹತ್ತಿರ ಪಂಚಯ್ಯನವರು ಹಿಂದಕ್ಕೆ ತಿರುಗಲು ನೋಡಿದರು.

"ಸಾಹೇಬರೇ, ಎಲ್ಲಿಗಿ?" ಎಂದಳು ಕಸ್ತೂರಬಾಯಿ. "ನಿನ್ನಿ ಸ್ವೀಕಾರ ಮಾಡಿದ್ದು ಇನ್ನ ಇಳ್ದಿಲ್ಲ. ಮುಂದ ನಡೀರಿ!"

ಪಂಚಯ್ಯನವರು ನಡೆದರು. ಅದನ್ನು ಮಂಡಳಿಯವರು ಅಧಿಕಾರಿಗಳ ಸಂಚಾರವೆಂದು ಮಂಜೂರು ಮಾಡಿದರು.