ಪ್ರೊಜೆಕ್ಟರು, ಪಂಚೆ ಮತ್ತು ಕರಿಕಿವಿ

ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ನಾನು ಆ ಇರುವೆಗಳನ್ನು ಡೌನ್‌ಲೋಡ್ ಮಾಡಿಕೊಳ್ಳುವವಳು. ಹೊಸ ಆ್ಯಪ್ ಬಂತೆಂದರೆ ನನ್ನ ಫೋನಿನಲ್ಲಿ ಅದು ಇರಲೇಬೇಕು. ಅದು ಬಂದ ವಾರದಲ್ಲಿ ಒಂದು ಎಡವಟ್ಟು ಆಗಲೇಬೇಕು.

ವಾರವಿಡೀ ನಾನು ಆಂಧ್ರದ ಗಡಿಯ ಆದೋನಿಯ ಒಂದು ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಟೀಚರು. ಭಾನುವಾರ ಪೆದ್ದಹರಿವಾಣಂನ ಚಿಕ್ಕ ಚರ್ಚಿನಲ್ಲಿ ಮಕ್ಕಳ ಸೇವೆ. ಸೇವೆ ಅಂದರೆ ಹಾಡು, ಕಥೆ, ಪ್ರಾರ್ಥನೆ, ಕೊನೆಗೆ ಬಿಸ್ಕತ್ತು. ನಮ್ಮ ಚರ್ಚಿಗೆ ಬರುವ ಮನೆಗಳು ಬೆರಳೆಣಿಕೆಯಷ್ಟು. ಮಕ್ಕಳು ಮಾತ್ರ ಊರಿನ ಎಲ್ಲ ಓಣಿಗಳಿಂದ, ಎಲ್ಲ ದೇವರ ಮನೆಗಳಿಂದ ಬರುತ್ತಾರೆ. ಭಕ್ತಿಗೋ ಬಿಸ್ಕತ್ತಿಗೋ ಎಂದು ನಾನು ಕೇಳಲು ಹೋಗಿಲ್ಲ. ಕೇಳಿದರೆ ನಿಜ ಹೇಳಿಬಿಡುತ್ತವೆ.

ಚಿಕನ್ ಆರಿದ ಕಥೆ

ಮೊದಲು ನಮ್ಮಲ್ಲಿ ಕಥೆ ಹೇಳಲು ಚಿತ್ರ ಬರೆದ ಬಟ್ಟೆಯೊಂದಿತ್ತು. ಅದು ಸಭೆಯ ಹಿರಿಯರ ಕಾಲದ್ದು. ಹಿರಿಯರು ಅಂದರೆ ಆದೋನಿಯಿಂದ ಬರುವ ನಿವೃತ್ತ ಹೆಡ್‌ಮಾಸ್ಟರು. ಎಲ್ಲರೂ ಪೆದ್ದಯ್ಯ, ಅಂದರೆ ತೆಲುಗಿನಲ್ಲಿ ದೊಡ್ಡಯ್ಯ, ಅನ್ನುತ್ತಾರೆ. ಆ ಬಟ್ಟೆಯ ಮೇಲೆ ಅವರಿಗೆ ಸ್ವಂತ ಮಗನ ಮೇಲಿನಷ್ಟೇ ಮಮತೆ. ನಾನು ಅದನ್ನು ಮಡಚಿಟ್ಟು, ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರು ತಂದು, ನಮ್ಮ ಮನೆಯವರ ಮದುವೆಯ ಬಿಳಿ ಪಂಚೆಯನ್ನು ತಂತಿಗೆ ಕಟ್ಟಿ ಪರದೆ ಮಾಡಿದೆ. ಪೆದ್ದಯ್ಯ ಮುಖ ಗಂಟಿಕ್ಕಿಕೊಂಡು, "ಸರೇ, ನೋಡೋಣು" ಅಂದರು.

ಪಂಚೆಯ ಮೇಲೆ ಅಕ್ಷರ ಬಂದ ಕೂಡಲೇ ಎಲ್ಲರೂ ಗಟ್ಟಿಯಾಗಿ ಓದಬೇಕು ಎಂದು ಮಕ್ಕಳಿಗೆ ನಾನೇ ಕಲಿಸಿದ್ದೆ. ಮೊದಲ ಭಾನುವಾರ ನನ್ನ ಫೋನನ್ನು ಪ್ರೊಜೆಕ್ಟರಿಗೆ ಜೋಡಿಸಿಟ್ಟು, ಪೆದ್ದಯ್ಯನವರನ್ನು ಎರಡು ಮಾತಾಡಿ ಎಂದು ಕರೆದೆ. ಅವರ ಎರಡು ಮಾತು ಎಲ್ಲಿಗೆ ಮುಗಿಯುತ್ತದೆಂದು ಊರಿಗೇ ಗೊತ್ತು. ಅವರು ತಾಳ್ಮೆಯ ಬಗ್ಗೆ ಹೇಳುತ್ತಾ ಹೇಳುತ್ತಾ ತಮ್ಮ ಬಾಲ್ಯಕ್ಕೆ ಬಂದಿದ್ದರು. ಅಷ್ಟರಲ್ಲಿ ಪಂಚೆಯ ಮೇಲೆ ಟಣ್ಣೆಂದು ಒಂದು ಮೆಸೇಜು. ನಮ್ಮ ಮನೆಯವರದು. ಅವರು ಓದಿದ್ದು ತೆಲುಗು ಮೀಡಿಯಂ, ಕನ್ನಡವನ್ನೂ ತೆಲುಗು ಅಕ್ಷರದಲ್ಲೇ ಬರೆಯುತ್ತಾರೆ. ಮಕ್ಕಳು ಓದುವುದೂ ತೆಲುಗೇ. ಒಂದಕ್ಷರ ಬಿಡದೆ ಒಕ್ಕೊರಲಿನಿಂದ ಓದಿದವು:

"ಆ ಮುದುಕಪ್ಪ ಇನ್ನಾ ಮುಗಸಿಲ್ಲೇನು? ಚಿಕನ್ ಆರಕತ್ತೈತಿ, ಬೇಗ ಬಾ!"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪೆದ್ದಯ್ಯ ತಿರುಗಿ ಪಂಚೆ ನೋಡಿದರು, ಕನ್ನಡಕ ಸರಿಮಾಡಿ ಮತ್ತೊಮ್ಮೆ ಓದಿದರು. ಆಮೇಲೆ ಅಂದರು: "ಅಮ್ಮಾ, ಈಸ್ಟರ್ ಹಬ್ಬದ ತನಕ ನೋಡ್ತೀನಿ. ಈ ಫೋನ್ ನೋಡಿ ಒಬ್ಬನಾರ ಹೊಸಬ ಈ ಬಾಗಿಲಾ ದಾಟಿ ಒಳಗ ಬಂದ್ರ ಸರಿ. ಇಲ್ಲಾಂದ್ರ ನಿನ್ನ ಪ್ರೊಜೆಕ್ಟರು ಪೆಟ್ಟಿಗಿಗೆ, ನನ್ನ ಬಟ್ಟಿ ಗ್ವಾಡಿಗೆ."

ಇಷ್ಟು ಹೇಳಿ ಬಾಗಿಲಿನವರೆಗೆ ಹೋದವರು ಹಿಂತಿರುಗಿ, "ಹೋಗಮ್ಮಾ, ಚಿಕನ್ ಆರತೈತಿ" ಅಂದರು.

ಪಂಚೆಯ ಹಿಂದೆ

ಈಸ್ಟರಿಗೆ ಇನ್ನೂ ದಿನಗಳಿದ್ದವು. ಆದರೆ ಪ್ರೊಜೆಕ್ಟರು ಪೆಟ್ಟಿಗೆ ಸೇರಿದರೆ ನನಗಿಂತ ಹೆಚ್ಚು ನಷ್ಟ ಇನ್ನೊಬ್ಬರಿಗಿತ್ತು. ಎರಡನೇ ಕ್ಲಾಸಿನ ಒಂದು ಹುಡುಗಿಗೆ.

ಅವಳ ಅಪ್ಪ ಅಮ್ಮ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಹೋಗಿದ್ದರು. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಹುಡುಗಿ ಅಜ್ಜಿಯ ಜೊತೆ ಉಳಿದಿದ್ದಳು. ತಾತ ಕುರಿ ಮೇಯಿಸುವವರು. ನಾನು ಎಲ್ಲ ಮಕ್ಕಳ ತಂದೆತಾಯಿಗಳನ್ನು ಸೇರಿಸಿ 'ಮನೆಮಂದಿ' ಎಂದು ಒಂದು ವಾಟ್ಸಾಪ್ ಗುಂಪು ಮಾಡಿದ್ದೆ. ಹಾಡು, ಕಥೆಯ ವಿಡಿಯೋ, ಬಣ್ಣ ಹಚ್ಚುವ ಚಿತ್ರ ಎಲ್ಲ ಅದರಲ್ಲೇ. ಭಾನುವಾರ ಪಾಠದ ಕೊನೆಗೆ, ದೂರ ಹೋದವರಿಗೆ ವಿಡಿಯೋ ಕಾಲ್.

ಮೊದಲ ಸಲ ಪಂಚೆಯ ತುಂಬ ಅವಳ ಅಮ್ಮನ ಮುಖ ಮೂಡಿತು. ಹಿಂದೆ ಕೆಂಪಗೆ ಮೆಣಸಿನಕಾಯಿ ರಾಶಿ. "ಏನ್ ಉಂಡೀಯವ್ವಾ?" ಎಂದಳು ಅಮ್ಮ. ಹುಡುಗಿ ಎದ್ದು ನೆಟ್ಟಗೆ ಹೋಗಿ ಪಂಚೆ ಎತ್ತಿ ಹಿಂದೆ ಇಣುಕಿದಳು. ಅಲ್ಲಿ ಗೋಡೆ, ಒಂದು ಕಸಬರಿಗೆ. ವಾಪಸು ಬಂದು ನನ್ನನ್ನು ಗುರಾಯಿಸಿ ಕೇಳಿದಳು: "ಟೀಚರ್, ಎಲ್ಲಿ ಬಚ್ಚಿಟ್ಟೀರಿ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಹೋದ ಮೇಲೆ ಮಾತ್ರ ನಗು ಬರಲಿಲ್ಲ. ಮುಂದಿನ ವಾರ ಅವಳು ಎಲ್ಲರಿಗಿಂತ ಮೊದಲು ಬಂದು ಪಂಚೆಯ ಮುಂದೆ ಜಾಗ ಹಿಡಿದು, ಹಿಂದಿದ್ದ ಕಸಬರಿಗೆಯನ್ನೂ ತಂದು ಪಕ್ಕದಲ್ಲಿಟ್ಟುಕೊಂಡಿದ್ದಳು. ಯಾಕೆ ಎಂದರೆ, "ಅವ್ವ ಬರತಾಳ, ಹಿಂದ ಜಾಗ ಇರಲಿ" ಎಂದಳು.

ಫೋನಿನ ಕಣ್ಣು

ಹುಡುಗಿಯ ಅಜ್ಜಿಗೂ ಫೋನು ಹೊಸದು. ಗುಂಪಿನವರಿಗೆಲ್ಲ, ಸಂಜೆ ನಿಮ್ಮ ನಿಮ್ಮ ಮನೆಯಲ್ಲೇ ಕೂತು ಪ್ರಾರ್ಥನೆ ಮಾಡಿ, ನಾನು ಕಾಲ್‌ನಲ್ಲಿ ಜೊತೆಗಿರುತ್ತೇನೆ ಎಂದಿದ್ದೆ. "ಪ್ರಾರ್ಥನೆ ಅಂದರೆ ಎಲ್ಲರೂ ಕಣ್ಣು ಮುಚ್ಚಬೇಕು" ಎಂದೂ ಹೇಳಿದ್ದೆ. ಅಜ್ಜಿ ಚೌಡಮ್ಮನ ಭಕ್ತೆ. ಆದರೂ ಮೊಮ್ಮಗಳಿಗೋಸ್ಕರ ಕೂತಳು. ಯಾವ ದೇವರಾದರೇನು, ಮಗ ಸೊಸೆ ಸುಖವಾಗಿರಲಿ ಎಂದು.

ನಾನು ಪ್ರಾರ್ಥನೆ ಶುರುಮಾಡಿದೆ. ಅಜ್ಜಿಯ ಕಡೆಯಿಂದ ಪರದೆ ಕತ್ತಲು. ನೆಟ್‌ವರ್ಕ್ ಹೋಯಿತೇನೋ ಎಂದು ಕಟ್ ಮಾಡಿ ಮತ್ತೆ ಕರೆದೆ. ಬೆಳಕು ಬಂತು. ಪ್ರಾರ್ಥನೆ ಎಂದೆ. ಮತ್ತೆ ಕತ್ತಲು. ಸೆಟ್ಟಿಂಗ್ ನೋಡಿ, ಕ್ಯಾಮೆರಾ ನೋಡಿ, ಫೋನ್ ಆರಿಸಿ ಹಚ್ಚಿ ಎಂದು ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಹೇಳಿ ಸುಸ್ತಾದೆ.

ಕೊನೆಗೆ ಅಜ್ಜಿಗೇ ಕೋಪ ಬಂತು. "ನೀವೇ ಎಲ್ಲಾರೂ ಕಣ್ಣು ಮುಚ್ಚರಿ ಅಂದ್ರಿ. ನಾನು ಮುಚ್ಚೀನಿ, ಹುಡುಗಿ ಮುಚ್ಚೈತಿ. ಫೋನಿಗೂ ಒಂದ್ ಕಣ್ಣೈತಿ, ಅದನ್ನ ಬೆರಳು ಇಟ್ಟು ಮುಚ್ಚೀನಿ. ದ್ಯಾವ್ರ ಮುಂದ ಅದೊಂದಾ ಮಿಕಿಮಿಕಿ ನೋಡಕೋಂತ ಕುಂತ್ರ ಚಂದ ಇರತೈತೇನ್ರಿ?"

ನಾನು ಅಲ್ಲಿಯತನಕ ಕಣ್ಣು ಬಿಟ್ಟುಕೊಂಡೇ ಇದ್ದೆ. ಮೆಲ್ಲಗೆ ಮುಚ್ಚಿಕೊಂಡೆ.

ಹತ್ತಿ ಬೇಲು

ಕಳೆದುಹೋದ ಕುರಿಯ ಕಥೆ ಎಲ್ಲರಿಗೂ ಗೊತ್ತು. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಳ್ಳುತ್ತದೆ, ಕಾಯುವವನು ಅದನ್ನು ಹುಡುಕಿ ತರುತ್ತಾನೆ, ಸಂತೋಷಕ್ಕೆ ನೆರೆಹೊರೆಯವರನ್ನು ಕರೆಯುತ್ತಾನೆ. ಅದರ ಕಾರ್ಟೂನು ಗುಂಪಿಗೆ ಹಾಕಿ, ಹುಡುಗಿಯ ತಾತನಿಗೂ ತೋರಿಸಿದೆ. ಕುರಿ ಕಾಯುವವರು, ಮೆಚ್ಚುತ್ತಾರೆ ಎಂದು ನನ್ನ ಲೆಕ್ಕ.

ತಾತ ಫೋನನ್ನು ದೂರ ಹಿಡಿದು ನೋಡಿದರು. "ಕುರಿ ಯಾವಾಗ ಬರತೈತಿ?"

"ಅದೇ ತಾತಾ, ಬೆಳ್ಳಗೆ ಗುಂಡಗೆ ಇದೆಯಲ್ಲ."

"ಅದು ಕುರಿ ಏನವ್ವಾ? ಆದೋನಿ ಮಿಲ್ಲಿನ್ಯಾಗಿಂದ ತಪ್ಪಿಸ್ಕೊಂಡು ಬಂದ ಹತ್ತಿ ಬೇಲು. ಅದಕ್ಕ ಕಾಲು ಯಾರು ಹಚ್ಯಾರ?" ಎಂದು ಫೋನು ವಾಪಸು ಕೊಟ್ಟರು. ತಾತನ ಈ ಹತ್ತಿ ಮೂಟೆಯ ಮಾತು ಊರೆಲ್ಲ ಸುತ್ತಿ ಪೆದ್ದಯ್ಯನವರ ಕಿವಿಗೂ ಬಿತ್ತು.

ನನಗೆ ಅವಮಾನವಾಯಿತು. ನಿಜವಾದ ಕುರಿಯನ್ನೇ ತೋರಿಸುತ್ತೇನೆ ತಾತಾ ಎಂದು ಅವರ ಮಂದೆಯ ಹತ್ತಿರವೇ ಹೋಗಿ ಫೋಟೋ ತೆಗೆದೆ. ಒಂದು ಕಿವಿ ಮಾತ್ರ ಕಪ್ಪಗಿರುವ, ಬೆನ್ನ ಮೇಲೆ ಕೆಂಪು ಬಣ್ಣದ ಗುರುತಿರುವ ಕುರಿ. ಹೆಸರು ಕರಿಕಿವಿ. ತಾಯಿ ಸತ್ತಿದ್ದ ಮರಿಯನ್ನು ಹುಡುಗಿಯ ಅಪ್ಪ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದನಂತೆ. ಕರಿಕಿವಿ ಎಷ್ಟು ಚೆನ್ನಾಗಿ ಪೋಸು ಕೊಟ್ಟಿತೆಂದರೆ, ನನ್ನ ಆಧಾರ್ ಕಾರ್ಡಿನ ಫೋಟೋ ನೆನೆದು ಹೊಟ್ಟೆ ಉರಿಯಿತು.

ಚರ್ಚಿನ ಕುರಿ

ಈಸ್ಟರಿಗೆ ಮುಂಚಿನ ಭಾನುವಾರ ಹತ್ತಿರ ಬಂತು. ಒಬ್ಬ ಹೊಸಬನೂ ಬಂದಿರಲಿಲ್ಲ. ಪೆದ್ದಯ್ಯ ತಮ್ಮ ಚಿತ್ರದ ಬಟ್ಟೆಯನ್ನು ಒಗೆದು ಇಸ್ತ್ರಿ ಮಾಡಿಸಿದ್ದಾರೆ ಎಂಬ ಸುದ್ದಿ ಬಂತು. "ಬಟ್ಟಿ ಬಂದ್ರ ಅವ್ವ ಕಾಣಂಗಿಲ್ಲೇನು?" ಎಂದು ಹುಡುಗಿ ಕೇಳಿದ್ದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

ಪೋಸ್ಟರ್ ಮಾಡುವ ಆ್ಯಪ್ ತೆರೆದೆ. ಕರಿಕಿವಿಯ ಫೋಟೋ ಹಾಕಿದೆ. ಮೇಲೆ ದಪ್ಪಕ್ಷರದಲ್ಲಿ 'ಕಳೆದುಹೋದ ಕುರಿ'. ಕೆಳಗೆ 'ಭಾನುವಾರ ಬೆಳಿಗ್ಗೆ ಪೆದ್ದಹರಿವಾಣಂ ಚರ್ಚಿಗೆ ಬನ್ನಿ. ಕುರಿ ಸಿಕ್ಕ ಸಂತೋಷಕ್ಕೆ ಎಲ್ಲರಿಗೂ ಊಟ'. ತೀರಾ ಕೆಳಗೆ, ಅಂದವಾಗಿರಲಿ ಎಂದು ಸಣ್ಣಕ್ಷರದಲ್ಲಿ 'ಮಕ್ಕಳ ಕಥೆ'. ಗುಂಪಿಗೆ ಹಾಕಿ, ಎಲ್ಲರೂ ಸ್ಟೇಟಸ್ ಇಟ್ಟುಕೊಳ್ಳಿ ಎಂದೆ. ಸ್ಟೇಟಸ್ಸಿನಲ್ಲಿ ಆ ತೀರಾ ಕೆಳಗಿನ ಸಾಲು ಕತ್ತರಿಸಿಹೋಗಿದ್ದನ್ನು ನಾನು ನೋಡಲಿಲ್ಲ. ಪೋಸ್ಟರು ಕುರಿಗಾರರ ಗುಂಪುಗಳನ್ನೆಲ್ಲ ಸುತ್ತಿದ್ದೂ ಗೊತ್ತಾಗಲಿಲ್ಲ.

ತಾತ ಆ ವಾರ ಮಂದೆಯನ್ನು ದೂರದ ಊರೊಂದರ ಹೊಲದಲ್ಲಿ ತಂಗಿಸಿದ್ದರು. ಹೊಲಕ್ಕೆ ಗೊಬ್ಬರವಾಗುತ್ತದೆಂದು ನಮ್ಮ ಕಡೆ ಮಂದೆ ಕರೆಸುವುದುಂಟು. ಅಲ್ಲಿ ಅವರ ಪರಿಚಯದವರು ಯಾರೂ ಇಲ್ಲ. ಫೋನೂ ಮನೆಯಲ್ಲಿ.

ಭಾನುವಾರ ಬೆಳಿಗ್ಗೆ ಪೆದ್ದಯ್ಯ ಇಸ್ತ್ರಿ ಮಾಡಿದ ಬಟ್ಟೆ ಕಂಕುಳಲ್ಲಿಟ್ಟುಕೊಂಡು ಮುಂದೆ ಕೂತಿದ್ದರು. ಹೊರಗೆ ಆಟೋ ನಿಂತ ಸದ್ದು. ನಾಲ್ಕೈದು ಗಂಡಸರು ಒಳಗೆ ಬಂದರು. ಒಬ್ಬನ ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಕರಿಕಿವಿ. ಇನ್ನಿಬ್ಬರ ನಡುವೆ ನಮ್ಮ ತಾತ! ಹಿಂದೆ ಇನ್ನೊಂದು ಆಟೋ ತುಂಬ ಜನ, ಊಟಕ್ಕೆ.

"ಅಮ್ಮಾ, ನಿಮ್ ಚರ್ಚಿನ ಕುರಿ ಸಿಕ್ತು. ಈ ಮುದುಕಪ್ಪನ ಮಂದ್ಯಾಗ ಇತ್ತು. ಕಿವಿ ನೋಡ್ರಿ, ಗುರುತು ನೋಡ್ರಿ, ಫೋಟೋದಾಗ ಇದ್ದಂಗ ಐತಿ" ಎಂದ ಹಗ್ಗದವನು.

ತಾತನ ಬಾಯಿ ಅಲ್ಲಾಡುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ದಾರಿಯುದ್ದಕ್ಕೂ ಜಗಳವಾಡಿ ಗಂಟಲು ಕಟ್ಟಿಹೋಗಿತ್ತು. ಒಬ್ಬ ಮರ್ಯಾದಸ್ಥ ಮುದುಕರನ್ನು ನನ್ನ ಆ್ಯಪ್ಪು ಕಳ್ಳನನ್ನಾಗಿ ಮಾಡಿತ್ತು.

"ಅಯ್ಯೋ, ಬಿಡಿ ಅವರನ್ನ! ಅದು ಅವರದೇ ಕುರಿ, ಕಳೆದೇ ಇಲ್ಲ!" ಎಂದೆ.

ಅವನು ನನ್ನತ್ತ ಕನಿಕರದಿಂದ ನೋಡಿದ. "ನೀವು ದ್ಯಾವ್ರ ಮಂದಿ, ಹಂಗಾ ಅಂತೀರಿ. ಕಳ್ಳನ್ನ ಕ್ಷಮಿಸೋದು ನಿಮ್ ಧರ್ಮ, ಹಿಡಿಯೋದು ನಮ್ ಧರ್ಮ."

ಅಜ್ಜಿ ಓಡಿಬಂದು, "ನನ್ ಗಂಡ ರೀ, ನಮ್ ಕುರಿ ರೀ" ಎಂದಳು. ಹೆಂಡತಿ ಮಾತು ಸಾಕ್ಷಿಗೆ ಬರುವುದಿಲ್ಲ ಎಂದರು. ಓಣಿಯವರು ಹೇಳಿದರು. ಊರವರು ಊರವರ ಪರವೇ ಎಂದರು. ಪೆದ್ದಯ್ಯ ಎದ್ದು ನಿಂತು, "ಏಮಮ್ಮಾ ಇದಿ? ಏನಮ್ಮಾ ಇದು?" ಎಂದು ನನ್ನ ಕಡೆ ತಿರುಗಿದರು.

ಅದೇ ಹೊತ್ತಿಗೆ ಪಂಚೆ ಬೆಳಗಿತು. ಗುಂಟೂರಿನ ಕಾಲ್. ಪ್ರತಿ ವಾರದಂತೆ ಹುಡುಗಿ ತಾನೇ ಹಸಿರು ಬಟನ್ ಒತ್ತಿದಳು. ಪಂಚೆಯ ತುಂಬ ಅವಳ ಅಪ್ಪ, ಹಿಂದೆ ಮೆಣಸಿನಕಾಯಿ.

ಅವನು ಕಣ್ಣು ಕಿರಿದು ಮಾಡಿ ನೋಡಿದ. "ಅಪ್ಪಾ? ನೀ ಯಾಕ ಚರ್ಚಿನ್ಯಾಗ ಅದಿ? ಅಲೆ, ನಮ್ ಕರಿಕಿವೀನ ಯಾರ್ ಕಟ್ಟ್ಯಾರ?" ಎಂದವನೇ ಅಭ್ಯಾಸದ ಬಲದಿಂದ ಕರೆದ: "ಹುರ್ರ್ರ್ರ್, ಬಾ ಬಾ ಬಾ!"

ಕರಿಕಿವಿ ತಲೆ ಎತ್ತಿತು. ಹಗ್ಗದವನನ್ನು ದರದರ ಎಳೆದುಕೊಂಡು ಬೆಂಚು ದಾಟಿ, ಬಿಸ್ಕತ್ತಿನ ಡಬ್ಬಿ ಉರುಳಿಸಿ, ಪೆದ್ದಯ್ಯನವರ ಕಂಕುಳಿನಿಂದ ಜಾರಿದ ಬಟ್ಟೆ ತುಳಿದು ನೆಟ್ಟಗೆ ಪಂಚೆಯ ಬುಡಕ್ಕೆ ಹೋಯಿತು. ಮೇಲೆ ನೋಡಿತು. ಮೂತಿಯಿಂದ ಪಂಚೆ ಮೂಸಿತು. ಆಮೇಲೆ ಪಂಚೆಯ ಹಿಂದೆ ಹೋಯಿತು. ಅಲ್ಲಿಂದ "ಬ್ಯಾ" ಎಂದು ಒಂದೇ ಸಲ ಕೂಗಿತು.

ಯಾರೂ ನಗಲಿಲ್ಲ. ಹಗ್ಗದವನು ಹಗ್ಗ ಬಿಟ್ಟು, ತಾತನ ಮುಂದೆ ಕೈ ಮುಗಿದ. ಹುಡುಗಿ ಎದ್ದು ಹೋಗಿ ಪಂಚೆ ಸರಿಸಿ, ಕುರಿಯ ಕರಿ ಕಿವಿ ಹಿಡಿದು ಹೇಳಿದಳು: "ಅಲ್ಲಿಲ್ಲ, ಬಾ. ನಾನೂ ಮೊದ್ಲು ಹಂಗಾ ನೋಡಿದ್ದೆ."

ಪಂಚೆಯ ಮೇಲೆ ಅವಳ ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಮೆಣಸಿನಕಾಯಿ ಘಾಟು ಎಂದ. ಇಲ್ಲಿ ಮೆಣಸಿನಕಾಯಿ ಇರಲಿಲ್ಲ, ಆದರೂ ನಮ್ಮೆಲ್ಲರ ಕಣ್ಣಿಗೂ ಘಾಟು ಹತ್ತಿತ್ತು.

ಆಮೇಲೆ ಎಲ್ಲರೂ ಸಾಲಾಗಿ ಕೂತು ಊಟ ಮಾಡಿದರು. ಮಟನ್ ಇರುತ್ತದೆಂದು ನಂಬಿ ಬಂದಿದ್ದ ಆಟೋದವರು ಚಿತ್ರಾನ್ನ ನೋಡಿ ಸ್ವಲ್ಪ ಹೊತ್ತು ಕರಿಕಿವಿಯ ಕಡೆಯೇ ನೋಡುತ್ತಿದ್ದರು. ತಾತ ಅದನ್ನು ಪಕ್ಕಕ್ಕೆ ಎಳೆದುಕೊಂಡು ಕೂತರು.

ಪೆದ್ದಯ್ಯ ತುಂಬಿದ ಪಡಸಾಲೆಯನ್ನು ಒಮ್ಮೆ ನೋಡಿ, ಗೊರಸಿನ ಗುರುತು ಬಿದ್ದ ತಮ್ಮ ಬಟ್ಟೆಯನ್ನು ಕೊಡವಿ ಮಡಚಿದರು. "ಹೊಸಬರು ಬಂದಾರ, ಒಪ್ಪೀನಿ. ಪ್ರೊಜೆಕ್ಟರು ಇರಲಮ್ಮಾ. ಆ ಹುಡುಗಿ ವಾರಾ ವಾರಾ ಅವ್ವನ್ನ ನೋಡಲಿ" ಎಂದರು. ಎರಡು ಹೆಜ್ಜೆ ಹೋದವರು ನಿಂತರು.

"ಹಬ್ಬ ಆದ ಮ್ಯಾಲೆ ಯಾವ ಪಾಠ?"

"ಜಲಪ್ರಳಯ ಅಯ್ಯಾ. ಆನೆ, ಹುಲಿ, ಹಾವು, ಎಲ್ಲಾ ಪ್ರಾಣಿಗಳೂ ಜೋಡಿ ಜೋಡಿಯಾಗಿ ಹಡಗು ಹತ್ತುವ ಕಥೆ."

ಪೆದ್ದಯ್ಯನವರ ಕೈ ತಾನಾಗಿ ಬಾಗಿಲಿನ ಚಿಲಕಕ್ಕೆ ಹೋಯಿತು.

"ಅಮ್ಮಾ, ನಿನಗ ಕೈ ಮುಗೀತೀನಿ. ಹತ್ತಿ ಬೇಲಾ ಹಾಕು. ಫೋಟೋ ಮಾತ್ರ ಬ್ಯಾಡ."