ಕಲ್ಲಜ್ಜಿಯ ಕಲ್ಲು

ಭಗವಂತ ಬೆಟ್ಟಗಳನ್ನು ಎಬ್ಬಿಸಿ ನಿಲ್ಲಿಸಿದಾಗ ಯಾರ ಪರವಾನಗಿಯನ್ನೂ ಕೇಳಲಿಲ್ಲ. ಆಗಿನ್ನೂ ಪುರಸಭೆ ಹುಟ್ಟಿರಲಿಲ್ಲವಾಗಿ ಬಚಾವಾದ. ಇಲ್ಲದಿದ್ದರೆ ನಮ್ಮ ಟೇಪಣ್ಣ ಹೋಗಿ, ‘ಸ್ವಾಮಿ, ಇದು ಗೆರೆ ದಾಟಿದೆ’ ಎಂದು ಬಿನ್ನವಿಸಿಕೊಳ್ಳುತ್ತಿದ್ದ. ದೇವರು ಮುಗುಳ್ನಗುತ್ತಿದ್ದ. ಬೆಟ್ಟ ಅಲ್ಲೇ ಇರುತ್ತಿತ್ತು.

ಟೇಪಣ್ಣ ಪುರಸಭೆಯ ಕಟ್ಟಡ ಇನ್‌ಸ್ಪೆಕ್ಟರ್. ಗೋಡೆಯೋ ಮೆಟ್ಟಿಲೋ ತಗಡಿನ ಮಾಡೋ ಬೀದಿಗೆ ಚಾಚಿಕೊಂಡರೆ ಅಳೆದು ತೆಗೆಸುವುದು ಅವನ ಕೆಲಸ. ಅಳೆಯುವುದೇನೋ ದಿನವೂ ಅಳೆಯುತ್ತಿದ್ದ. ತೆಗೆಸಿದ್ದು ಮಾತ್ರ ಒಂದೂ ಇಲ್ಲ. ಯಾರ ಬಾಗಿಲಲ್ಲಿ ಟೇಪು ಬಿಚ್ಚಿದರೂ ಆ ಮನೆಯವರು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು. ಇವನು ಟೇಪು ಸುತ್ತಿಕೊಂಡು, ತನ್ನ ಕಣ್ಣನ್ನೂ ಒರೆಸಿಕೊಂಡು ಹಿಂದಿರುಗುತ್ತಿದ್ದ.

ಅಂದು ಬೆಳಗ್ಗೆ ಮುಖ್ಯಾಧಿಕಾರಿಗಳು ಕರೆಸಿದರು.

“ನೋಡ್ರೀ, ಸಂಜೆಯೊಳಗೆ ನಿಮ್ಮ ಬೀದಿಯಲ್ಲಿ ಒಂದಾದ್ರೂ ಒತ್ತುವರಿ ತೆರವಾಗ್ಬೇಕು. ನಾನೇ ಬಂದು ನೋಡ್ತೀನಿ. ಇಲ್ಲ ಅಂದ್ರೆ ನಾಳೆಯಿಂದ ನೀವು ನಾಯಿ ಹಿಡಿಯೋ ವಿಭಾಗಕ್ಕೆ.”

ಟೇಪಣ್ಣ ಟೇಪು ಎತ್ತಿಕೊಂಡು ಬೀದಿಗೆ ಓಡಿದ. ನಾಯಿಮರಿ ಆಕಳಿಸಿದರೂ ಬೀದಿ ಬದಲಿಸುವ ಜೀವ ಅದು.

ಅವನ ಬೀದಿಯಲ್ಲಿ ಒಂದು ಬದಿಗೆ ಮನೆ-ಅಂಗಡಿಗಳ ಸಾಲು. ಎದುರು ಬದಿಗೆ ಖಾಲಿ ಬಯಲು, ಬಯಲಂಚಿನಲ್ಲಿ ಒಂದು ದೊಡ್ಡ ಮರ, ಅದರ ಪಕ್ಕದಲ್ಲಿ ಒಂದೇ ಒಂದು ಮನೆ. ಆ ಮನೆ ಟೇಪಣ್ಣನದೇ. ಸಾಲಿನ ಮೊದಲಿಗೇ ಸಿಗುವವನು ದರ್ಜಿ. ಅವನ ತಗಡಿನ ಮಾಡು ಬೀದಿಯ ಮೇಲೆ ಹದ್ದಿನ ರೆಕ್ಕೆಯಂತೆ ಹರಡಿತ್ತು.

“ನನ್ನ ತಗಡು ನಿಮ್ಮ ಕಣ್ಣಿಗೆ ಬಿತ್ತಾ ಅಣ್ಣಾ?” ಎಂದ ದರ್ಜಿ, ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ. “ಪೋಸ್ಟ್ ಮಾಸ್ಟರ್ ಮೆಟ್ಟಿಲು ನೋಡಿದ್ರಾ? ಇನ್ನೊಂದೇ ಒಂದು ಮೆಟ್ಟಿಲು ಕಟ್ಟಿದ್ರೆ ನಿಮ್ಮನೇಗೇ ಹತ್ಕೊಂಡು ಬರ್ಬೋದು!”

ಪಕ್ಕದ ಮನೆಯ ನಿವೃತ್ತ ಪೋಸ್ಟ್ ಮಾಸ್ಟರು ಮೆಟ್ಟಿಲ ಮೇಲಿನಿಂದಲೇ ಗುಡುಗಿದರು: “ಏಯ್, ನಾನು ಕಟ್ಟಿದ್ದು ಮೊಣಕಾಲು ನೋವಿಗೆ. ನೀನು ತಗಡು ಹೊದಿಸಿದ್ದು ಯಾವ ನೋವಿಗೋ?”

ಇಬ್ಬರೂ ಕೈಕೈ ಮಿಲಾಯಿಸುವ ಹಂತಕ್ಕೆ ಬಂದು, ಅಲ್ಲಿಂದ ಹಠಾತ್ತನೆ ರಾಜಿಗೆ ಇಳಿದರು. ಜಗಳಗಂಟ ನೆರೆಹೊರೆಯವರು ಒಂದಾಗಬೇಕಾದರೆ ಮೂರನೆಯವರೊಬ್ಬರು ಬೇಕು. ಇದು ಲೋಕದ ರೀತಿ.

“ಅಲ್ನೋಡಿ ಇನ್‌ಸ್ಪೆಕ್ಟರೇ,” ಎಂದರು ಪೋಸ್ಟ್ ಮಾಸ್ಟರು, “ಕಲ್ಲಜ್ಜಿ ಕಲ್ಲು. ಅದಕ್ಕೆ ಹಿಂದೂ ಇಲ್ಲ, ಮುಂದೂ ಇಲ್ಲ. ಎತ್ತಿದ್ರೆ ಅಳೋರೂ ಇಲ್ಲ.”

ಸಾಲಿನ ನಡುವಿನ ಪುಟ್ಟ ಮನೆಯ ಮುಂದೆ, ಬೀದಿಯಂಚಿನಲ್ಲಿ ಮೊಣಕಾಲೆತ್ತರದ ಕಲ್ಲೊಂದು ನೆಲದಲ್ಲಿ ಹೂತಿತ್ತು. ಅದರ ಮೇಲೆ ಮುದುಕಿಯೊಬ್ಬಳು ಬೆಳಗಾದರೆ ಬಂದು ಕೂರುತ್ತಿದ್ದಳು. ಅವಳು ಕೂತು ಕೂತು ಕಲ್ಲಿನ ತಲೆ ಸವೆದು ಕನ್ನಡಿಯಂತಾಗಿತ್ತು.

“ಅಜ್ಜಿ, ಈ ಕಲ್ಲು ತೆಗೀಬೇಕು.”

“ತೆಗಿ ಮಗಾ. ಇದರ ಸುಖವೂ ಅಷ್ಟಕ್ಕಷ್ಟೇ. ಮಧ್ಯಾಹ್ನ ತಿರುಗಿದ್ರೆ ನೆತ್ತಿ ಕಾಯುತ್ತೆ. ಆ ಮರದ ನೆರಳು ಬರುತ್ತೆ, ಬರುತ್ತೆ, ಒಂದು ಮಾರು ದೂರದಲ್ಲೇ ನಿಂತುಬಿಡುತ್ತೆ, ಮುನಿಸ್ಕೊಂಡ ಅಳಿಯನ ಹಾಗೆ. ಆದ್ರೆ ಒಂದು ಮಾತು, ಈ ಕಲ್ಲು ನಂದಲ್ಲಪ್ಪ. ಇದು ಯಾರದು ಅಂದ್ರೆ...”

“ಗೊತ್ತು ಬಿಡಿ ಅಜ್ಜಿ!” ಎಂದು ಟೇಪಣ್ಣ ಕೈಯೆತ್ತಿ ತಡೆದ. ನೌಕರಿಯಲ್ಲಿ ಅವನು ಕಲಿತ ಪಾಠ ಅದೊಂದೇ: ಗೆರೆ ದಾಟಿದ ವಸ್ತು ಎಂದಿಗೂ ಯಾರದೂ ಅಲ್ಲ. ದರ್ಜಿಯ ತಗಡು ಹಿಂದಿನ ಬಾಡಿಗೆದಾರನದು. ಪೋಸ್ಟ್ ಮಾಸ್ಟರ ಮೆಟ್ಟಿಲು ಗಾರೆಯವನ ತಪ್ಪು. ‘ನನ್ನದಲ್ಲ’ ಎಂಬುದನ್ನು ಕೇಳಿ ಕೇಳಿ ಅವನ ಕಿವಿಗೆ ಜಡ್ಡು ಕಟ್ಟಿತ್ತು.

ಅಜ್ಜಿ ಮತ್ತೆ ಬಾಯಿ ತೆರೆದಳು. ಟೇಪಣ್ಣ ಆಗಲೇ ಹಾರೆಯವರನ್ನು ಕೂಗಿಯಾಗಿತ್ತು.

ಕಲ್ಲು ಸುಲಭಕ್ಕೆ ಏಳಲಿಲ್ಲ. ಹಳೆಯ ಹಲ್ಲಿನ ಹಾಗೆ, ಕಂಡದ್ದಕ್ಕಿಂತ ಕಾಣದ್ದೇ ಹೆಚ್ಚಿತ್ತು. ಬೀದಿಯವರೆಲ್ಲ ಬಂದು ನಿಂತು ಸಲಹೆ ಕೊಟ್ಟರು, ಹಾರೆಗೆ ಮಾತ್ರ ಯಾರೂ ಕೈ ಹಾಕಲಿಲ್ಲ. ಕೊನೆಗೂ ಕಲ್ಲು ಎದ್ದು ಬಂಡಿಯೇರಿತು. ಬಂಡಿಯವನು ಬೆವರೊರೆಸಿ ಕೇಳಿದ: “ಕಚೇರಿ ಹಿತ್ತಲು ತುಂಬಿ ತುಳುಕ್ತಿದೆ ಸಾರ್. ಇದನ್ನೆಲ್ಲಿ ಹಾಕ್ಲಿ?”

ಎದುರು ಬದಿಯ ಬಾಗಿಲಿನಿಂದ ಟೇಪಣ್ಣನ ಹೆಂಡತಿಯ ದನಿ ತೇಲಿ ಬಂತು: “ಏನ್ರೀ, ಇಲ್ಲಿಗೇ ತರ್ಸಿ! ಬಟ್ಟೆ ಒಗೆಯೋಕೆ ಒಂದು ಕಲ್ಲು ಬೇಕು ಅಂತ ಬಡ್ಕೊಂಡು ಬಡ್ಕೊಂಡು ನನ್ನ ಗಂಟಲೇ ಒಣಗಿದೆ.”

“ಇವತ್ತೊಂದಿನ ಮಾತ್ರ ಕಣೇ,” ಎಂದ ಟೇಪಣ್ಣ.

ಅವನು ಪಾಪಭೀರು, ಮಾಡಿದ ಕೆಲಸ ಅಚ್ಚುಕಟ್ಟಾಗಿರಬೇಕು. ಕುಳಿಗೆ ಮಣ್ಣು ತುಂಬಿಸಿದ, ದಮ್ಮಸು ಹೊಡೆಸಿ ಗಟ್ಟಿ ಮಾಡಿಸಿದ. ಸಾಹೇಬರ ಕಣ್ಣಿಗೆ ಚಂದ ಕಾಣಲೆಂದು ಬೀದಿಯಂಚಿನುದ್ದಕ್ಕೂ ಹೊಸ ಜಲ್ಲಿ ಹರಡಿಸಿದ. ಅಲ್ಲೊಂದು ಕಲ್ಲು ಇತ್ತೆಂದು ಹೇಳಲು ಈಗ ದೇವರೇ ಬರಬೇಕು.

ದೇವರ ಬದಲು, ಮಧ್ಯಾಹ್ನ ಇಳಿಯುವ ಹೊತ್ತಿಗೆ ಮುಖ್ಯಾಧಿಕಾರಿಗಳು ಬಂದರು.

“ತೆರವಾಯ್ತಾ?”

“ಒಂದು ಕಲ್ಲು ಸಾರ್. ಬುಡಸಮೇತ.”

“ಭೇಷ್! ಬನ್ನಿ, ಉಳಿದದ್ದನ್ನೂ ಅಳೆದೇ ಬಿಡೋಣ. ಈ ಬೀದಿಯ ಗಡಿಕಲ್ಲೆಲ್ಲಿ?”

ಟೇಪಣ್ಣ ಕಣ್ಣು ಪಿಳಿಪಿಳಿ ಬಿಟ್ಟ. ಅವನು ಯಾವಾಗಲೂ ದರ್ಜಿಯಂಗಡಿಯ ಮೂಲೆಯಿಂದ ಅಳೆಯುತ್ತಿದ್ದ. ಅವನಿಗಿಂತ ಹಿಂದಿನವನೂ ಹಾಗೆಯೇ ಅಳೆಯುತ್ತಿದ್ದ. ಅವನ ಹಿಂದಿನವನಿಗೆ ಅಲ್ಲಿ ಕೂರಲು ನೆರಳಿತ್ತಂತೆ.

“ಗಡಿಕಲ್ಲು ಕಣ್ರೀ! ಪುರಸಭೆ ನೆಟ್ಟದ್ದು, ಬಾಣದ ಗುರುತು ಇರೋದು. ಇಡೀ ಬೀದಿಯ ಅಳತೆ ಶುರುವಾಗೋದೇ ಅಲ್ಲಿಂದ. ಅಜ್ಜಿ, ನಿಮ್ಮ ಮನೆ ಮುಂದೆ ಇರ್ಬೇಕಲ್ಲ?”

ಹೊಸ್ತಿಲ ಮೇಲೆ ಕೂತಿದ್ದ ಕಲ್ಲಜ್ಜಿ ನಿಟ್ಟುಸಿರಿಟ್ಟಳು. “ಇತ್ತಪ್ಪ. ಪುರಸಭೆಯೋರೇ ನೆಟ್ರು, ಪುರಸಭೆಯೋರೇ ಕಿತ್ಕೊಂಡು ಹೋದ್ರು. ನಂದಲ್ಲ, ನಿಮ್ಮದೇ ಅಂತ ಹೇಳೋಕೆ ಹೋದೆ. ಈ ಮಗು ಮಾತು ಮುಗಿಸೋಕೆ ಬಿಟ್ರೆ ತಾನೇ?”

ಅದೇ ಹೊತ್ತಿಗೆ ಎದುರು ಬದಿಯಿಂದ ‘ಧಪ್, ಧಪ್’ ಎಂದು ಸದ್ದು ಕೇಳಿಸಿತು. ಎಲ್ಲರ ಕತ್ತೂ ಒಟ್ಟಿಗೆ ಹೊರಳಿತು. ಟೇಪಣ್ಣನ ಹೆಂಡತಿ ಅವನ ಖಾಕಿ ಅಂಗಿಯನ್ನೇ ಕಲ್ಲಿಗೆ ಬಡಿಯುತ್ತಿದ್ದಳು. “ಏನ್ರೀ,” ಎಂದು ಕೂಗಿ ಹೇಳಿದಳು, “ಕಲ್ಲಿನ ಬುಡದಲ್ಲಿ ಬಾಣ ಕೆತ್ತಿದಾರೆ! ಸೋಪು ಇಡೋಕೆ ಹೇಳಿ ಮಾಡಿಸಿದ ಹಾಗಿದೆ!”

“ಬೇಲಿಯೇ ಎದ್ದು ಹೊಲ ಮೇಯ್ದಂಗಾಯ್ತಲ್ರೀ!” ಎಂದು ಸಾಹೇಬರು ಸಿಡಿದರು. “ನೆಡಿಸ್ರೀ, ಇದ್ದ ಜಾಗದಲ್ಲೇ! ಇವತ್ತು ಒಂದು ನಿಜವಾದ ಒತ್ತುವರಿ ಸಿಗ್ಲಿಲ್ಲವೋ, ನಾಯಿಗಳು ಕಾಯ್ತಿವೆ ನಿಮಗೆ.”

ಇದ್ದ ಜಾಗ ಯಾವುದು? ಜಲ್ಲಿ ಎಲ್ಲ ಕಡೆಯೂ ಒಂದೇ ಸಮನೆ ನಗುತ್ತಿತ್ತು. ದರ್ಜಿ ಒಂದು ಕಡೆ ತೋರಿಸಿ “ನಮ್ಮಪ್ಪನಾಣೆ, ಇಲ್ಲೇ” ಎಂದ. ಪೋಸ್ಟ್ ಮಾಸ್ಟರು ಇನ್ನೂ ಎರಡು ಹೆಜ್ಜೆ ಬೀದಿಯೊಳಗೆ ತೋರಿಸಿ “ನನ್ನ ಕಣ್ಣಾಣೆ, ಇಲ್ಲೇ” ಎಂದರು. ಹೀಗೇ ಬಿಟ್ಟಿದ್ದರೆ ಗಡಿಕಲ್ಲು ನಡೆದು ನಡೆದು ಬಯಲು ಸೇರುತ್ತಿತ್ತು.

“ಸುಮ್ನಿರ್ರೋ,” ಎಂದು ಕಲ್ಲಜ್ಜಿ ಕೋಲೂರಿ ಎದ್ದಳು. “ಜೀವಮಾನ ಎಲ್ಲ ಕೂತವಳು ನಾನು.”

ಅವಳು ನಿಧಾನವಾಗಿ ಹೆಜ್ಜೆಯಿಟ್ಟು ಬಂದಳು. ಒಮ್ಮೆ ಆಕಾಶ ನೋಡಿದಳು, ಒಮ್ಮೆ ಮರ ನೋಡಿದಳು. ಜಲ್ಲಿಯ ಮೇಲೆ ಕೂತು ಕಣ್ಣು ಮುಚ್ಚಿದಳು. ಮುಖದಲ್ಲಿ ಧ್ಯಾನಸ್ಥರಿಗೆ ಬರುವಂಥ ಶಾಂತಿ ಇಳಿಯಿತು.

“ಇಲ್ಲೇ,” ಎಂದಳು.

ಅದಕ್ಕೆ ಎದುರಾಡುವವರು ಯಾರು? ಸಾಹೇಬರೂ ಟೋಪಿ ತೆಗೆದರು. ಕಲ್ಲು ಬಂತು, ಅಲ್ಲಿಯೇ ನಾಟಿತು. ಅಳತೆ ಶುರುವಾಯಿತು. ದರ್ಜಿಯ ತಗಡು ಗೆರೆಯೊಳಗೆ. ಪೋಸ್ಟ್ ಮಾಸ್ಟರ ಮೆಟ್ಟಿಲು ಗೆರೆಯೊಳಗೆ. ಇನ್ನೊಂದು ಕಟ್ಟಲೂ ಜಾಗವಿತ್ತು. ಸಾಲಿನ ಉದ್ದಕ್ಕೂ ಒಂದೂ ಒತ್ತುವರಿ ಇಲ್ಲ. ಟೇಪಣ್ಣನ ಕಿವಿಯಲ್ಲಿ ಊರಿನ ನಾಯಿಗಳೆಲ್ಲ ಬೊಗಳತೊಡಗಿದವು.

“ಈಗ ಬೀದಿಯ ಅಗಲ,” ಎಂದು ಸಾಹೇಬರು ಕಲ್ಲಿನಿಂದ ಎದುರು ಬದಿಗೆ ಟೇಪು ಎಳೆಸಿದರು. ಟೇಪು ಹೋಯಿತು, ಹೋಯಿತು. ಬೀದಿ ಮುಗಿಯುವ ಮೊದಲೇ ಟೇಪಣ್ಣನ ಮನೆಯ ಮೆಟ್ಟಿಲು ಎದುರಾಯಿತು.

“ಸಿಕ್ತು!” ಎಂದರು ಸಾಹೇಬರು. “ಒಂದು ಒತ್ತುವರಿ. ನಿಮ್ಮ ನೌಕರಿ ಉಳೀತು ಕಣ್ರೀ. ಒಡೆಸಿ.”

ಬೆಳಗ್ಗೆ ಹಾರೆ ಮುಟ್ಟದಿದ್ದ ಬೀದಿಯವರೆಲ್ಲ ಈಗ ಮುಗಿಬಿದ್ದು ಸಹಾಯ ಮಾಡಿದರು. ಹೊತ್ತಿರುವಾಗಲೇ ಮೆಟ್ಟಿಲು ಪುಡಿಯಾಯಿತು. ಬಾಗಿಲಲ್ಲಿ ಹೆಂಡತಿ ನಾಟಕದ ರಂಗದ ಮೇಲೆ ನಿಂತಂತೆ ಎತ್ತರದಲ್ಲಿ ನಿಂತಿದ್ದಳು, ಕೈಯಲ್ಲಿ ಒದ್ದೆ ಅಂಗಿ. “ಕಲ್ಲೂ ಹೋಯ್ತು, ಮೆಟ್ಟಿಲೂ ಹೋಯ್ತು. ಇನ್ನು ಮನೆಗೆ ಹಾರ್ಕೊಂಡು ಬನ್ನಿ.”

ಟೇಪಣ್ಣನಿಗೆ ಎಲ್ಲೋ ಒಂದು ಅನುಮಾನ. ಮೆಲ್ಲನೆ ಕಲ್ಲಜ್ಜಿಯ ಬಳಿ ಹೋದ. ಅವಳು ಕಲ್ಲಿನ ಮೇಲೆ ಮೈ ಸಡಿಲಿಸಿ ಕೂತಿದ್ದಳು.

“ಅಜ್ಜಿ, ದೇವರ ಮುಂದೆ ಹೇಳೋ ಹಾಗೆ ಹೇಳಿ. ಕಲ್ಲು ಇದ್ದದ್ದು ಇಲ್ಲೇನಾ?”

“ದೇವರ ಮುಂದೆ ಸುಳ್ಳು ಹೇಳ್ತೀನಾ ಮಗಾ? ಒಂದು ಮಾರು ಹಿಂದಿತ್ತು. ಆದ್ರೆ ನೋಡು,” ಎಂದು ಅಜ್ಜಿ ಎದುರಿನ ಮರವನ್ನು ತೋರಿಸಿದಳು, “ಇಲ್ಲಿ ನೆರಳು ಎಷ್ಟು ತಂಪಾಗಿದೆ!”

ಟೇಪಣ್ಣ ಮನೆಯ ಕಡೆ ತಿರುಗಿದ. ಮೆಟ್ಟಿಲಿದ್ದ ಜಾಗದ ತಣ್ಣನೆಯ ಸಡಿಲ ಮಣ್ಣಿನಲ್ಲಿ, ಬಾಗಿಲಿಗೆ ಅಡ್ಡಲಾಗಿ, ಬೀದಿನಾಯಿಯೊಂದು ಆಗಲೇ ಮೈಚೆಲ್ಲಿ ಮಲಗಿತ್ತು. ಅದು ಇವನನ್ನು ನೋಡಿ ನಿಧಾನವಾಗಿ ಆಕಳಿಸಿತು.