ಬಸ್ಸಿನ ಚಕ್ರದಡಿ ಮಂಚದ ಕಾಲು

ಡ್ರೈವರಮ್ಮ ಅಂದು ಬೆಳಿಗ್ಗೆಯೇ ಘೋಷಿಸಿಬಿಟ್ಟಳು.

"ಇವತ್ತು ಹೋಗೇ ಹೋಗ್ತೀನಿ. ಸವತಿ ಮುಖ ನೋಡ್ತೀನಿ. ನಾಲ್ಕು ಮಾತು ಕೇಳಿ, ತಿರುಗಿಯೂ ನೋಡದೆ ಬರ್ತೀನಿ!"

ಸವತಿ ಎಂದರೆ ಹೆಂಗಸಲ್ಲ, ಬಸ್ಸು. ಗಂಡ ಅದನ್ನು ಓಡಿಸಿಯೇ ತಲೆ ನರೆಸಿಕೊಂಡಿದ್ದ. ಮನೆಯಲ್ಲಿ ಕೂತಿದ್ದಕ್ಕಿಂತ ಅದರಲ್ಲಿ ಕೂತಿದ್ದೇ ಹೆಚ್ಚು. ಹೋದ ವರ್ಷ ಗಂಡ ತೀರಿಕೊಂಡ. ಬಸ್ಸು ಮಾತ್ರ ಹೊಸ ಬಣ್ಣ ಬಳಿಸಿಕೊಂಡು ನಗರ ಸಾರಿಗೆಯ ಮ್ಯೂಸಿಯಂನಲ್ಲಿ ಮದುಮಗಳ ಹಾಗೆ ನಿಂತಿತ್ತು. ಇದು ಯಾವ ನ್ಯಾಯ?

ಗಂಡನ ಅಂಗಿ, ಚಪ್ಪಲಿ, ಛತ್ರಿ ಎಲ್ಲವನ್ನೂ ನಾದಿನಿಯ ಮಾತು ಕೇಳಿ ಕೊಟ್ಟುಬಿಟ್ಟಿದ್ದಳು. "ನೋಡ್ತಾ ಇದ್ರೆ ಅಳು ಬರುತ್ತೆ" ಅಂದಿದ್ದಳು ನಾದಿನಿ. ಕೊಟ್ಟ ಮೇಲೂ ಅಳು ಬಂತು. ಈಗ ಅವನ ಕೈ ಸೋಕಿದ ಒಂದು ವಸ್ತು ಸಿಕ್ಕಿದರೆ ಸಾಕು ಅನ್ನಿಸುತ್ತಿತ್ತು. ಇದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

"ಅತ್ತಿಗೆ, ಅಲ್ಲಿ ಗಲಾಟೆ ಮಾಡ್ಬೇಡ," ಎಂದಳು ನಾದಿನಿ.

"ನಾನು ಯಾವಾಗ ಗಲಾಟೆ ಮಾಡಿದ್ದೀನೇ?"

ನಾದಿನಿ ಲೆಕ್ಕ ಕೊಡಲು ಹೋಗದೆ ಚಪ್ಪಲಿ ಮೆಟ್ಟಿದಳು. ಕೊಡುತ್ತಾ ಹೋಗಿದ್ದರೆ ಮ್ಯೂಸಿಯಂ ಬಾಗಿಲು ಹಾಕುವ ಹೊತ್ತಾಗುತ್ತಿತ್ತು.

ಒಳಗೆ ಕಾಲಿಟ್ಟದ್ದೇ ತಡ, ಡ್ರೈವರಮ್ಮ ಸೆರಗು ಬಿಗಿದು ಸಿಕ್ಕಿಸಿಕೊಂಡಳು. ನೆಲ ಕನ್ನಡಿಯ ಹಾಗಿತ್ತು. ಮಧ್ಯದಲ್ಲಿ ಹಳೇ ಕಾಲದ ಕುದುರೆ ಟ್ರಾಮು, ಅದಕ್ಕೆ ಕಟ್ಟಿದ ಗಾರೆಯ ಕುದುರೆ. ಅದರ ಎದುರಿಗೆ, ತುಸು ಇಳಿಜಾರಾದ ಕಟ್ಟೆಯ ಮೇಲೆ, ಬಸ್ಸು! ಕೇಳಬೇಕೆಂದಿದ್ದ ನಾಲ್ಕು ಮಾತಲ್ಲಿ ಒಂದೂ ಬಾಯಿಗೆ ಬರಲಿಲ್ಲ. ತಲೆ ತಗ್ಗಿಸಿದಳು. ಚಕ್ರದ ಕೆಳಗೆ ಅಡ್ಡ ಕೊಟ್ಟಿದ್ದ ಮರದ ತುಂಡು ಕಣ್ಣಿಗೆ ಬಿತ್ತು. ಗಿಳಿ ಹಸಿರು ಬಣ್ಣ. ಪಕ್ಕದಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆ.

"ಅಯ್ಯೋ, ನನ್ನ ಮಂಚದ ಕಾಲು!"

ಬಣ್ಣ ಬಳಿದವಳೂ ಅವಳೇ, ಸುಟ್ಟವಳೂ ಅವಳೇ. ಅಲ್ಲಾಡುತ್ತದೆ ಅಂತ ಆ ಕಾಲನ್ನು ಗಂಡ ಬಿಚ್ಚಿಕೊಂಡು ಹೋಗಿದ್ದ. ಕೇಳಿದಾಗಲೆಲ್ಲ "ಬಡಗಿ ಹತ್ರ ಇದೆ" ಅನ್ನುತ್ತಿದ್ದ. ಮಂಚ ಇಟ್ಟಿಗೆಯ ಮೇಲೆ ಕುಂಟುತ್ತಾ ನಿಂತಿತು. ಅವಳು ಆ ಇಳಿಜಾರಿನಲ್ಲಿ ಜಾರಿ ಜಾರಿ ಗಂಡನ ಮೈಮೇಲೆ ಬೀಳುವುದು, ಅವನು "ಸ್ಟಾಪ್ ಬಂತಾ?" ಅನ್ನುವುದು, ಇದೇ ಸಂಸಾರವಾಗಿತ್ತು!

"ಬ್ರೇಕು ಹಿಡಿಯಲ್ಲ, ಬ್ರೇಕು ಹಿಡಿಯಲ್ಲ ಅಂತಿದ್ರು. ಅದಕ್ಕೆ ನನ್ನ ಮಂಚ ಮುರಿದ್ರಾ!" ಎನ್ನುತ್ತಾ ಡ್ರೈವರಮ್ಮ ಅಡ್ಡ ಕಟ್ಟಿದ್ದ ಹಗ್ಗ ದಾಟಿ ಕುಕ್ಕರಗಾಲಲ್ಲಿ ಕೂತಳು.

"ಅತ್ತಿಗೆ, ಮುಟ್ಟಬೇಡಿ ಅಂತ ಬೋರ್ಡಿದೆ!"

"ನನ್ನ ಮಂಚ ಮುಟ್ಟೋಕೆ ನಂಗೆ ಬೋರ್ಡ್ ಬೇಕಾ?"

ಚಕ್ರಕ್ಕೆ ತನ್ನ ಕಾಲು ಕೊಟ್ಟು, ಎರಡೂ ಕೈಯಿಂದ ಎಳೆದಳು. ಬರಲಿಲ್ಲ. ಹಲ್ಲು ಕಚ್ಚಿ ಎಳೆದಳು. ಬಂತು!

ಬಸ್ಸೂ ಬಂತು.

ಮೊದಲು ಒಂದು ನಿಟ್ಟುಸಿರು. ಆಮೇಲೆ ನಿಧಾನವಾಗಿ, ಮಹಾರಾಣಿಯ ಗತ್ತಿನಲ್ಲಿ, ಸವತಿ ಹೊರಟಿತು! ಎದುರಿಗೆ ಕುದುರೆ. ಓಡೋಣವೆಂದರೆ ಅದು ಗಾರೆಯದು.

"ಹಿಡೀರಿ!" ಎಂದು ಮ್ಯೂಸಿಯಂನ ಮೇಲ್ವಿಚಾರಕ ಓಡಿ ಬಂದ. ಕಾವಲುಗಾರ ಬಂದ. ನೋಡಲು ಬಂದವರೂ ಬಂದು ಬಸ್ಸಿನ ಮೂತಿಗೆ ಬೆನ್ನು ಕೊಟ್ಟರು. ನಾದಿನಿಯೂ ಕೊಟ್ಟಳು. ಎಲ್ಲರ ಚಪ್ಪಲಿಯೂ ನುಣ್ಣನೆಯ ನೆಲದ ಮೇಲೆ ಮುಂದಕ್ಕೆ ಜಾರುತ್ತಿತ್ತು.

"ಅಮ್ಮಾ, ಆ ತುಂಡು ಹಾಕಿ!" ಮೇಲ್ವಿಚಾರಕ ಕೂಗಿದ.

"ಹಾಕಲ್ಲ! ಸಿಕ್ಕಿರೋದು ಇದೊಂದೇ!" ಡ್ರೈವರಮ್ಮ ಅದನ್ನು ಕೂಸಿನಂತೆ ಅವಚಿಕೊಂಡಳು.

"ಅತ್ತಿಗೆ! ನಿನ್ನ ಮಂಚ ನೆಟ್ಟಗಾಗೋಕೆ ನಾನು ಚಪ್ಪಟೆ ಆಗ್ಬೇಕಾ?"

ನಾದಿನಿಯ ಬೆನ್ನ ಹಿಂದೆ ಬಸ್ಸು, ಮೂಗಿನ ಮುಂದೆ ಕುದುರೆ. ಡ್ರೈವರಮ್ಮ ಧಡಕ್ಕನೆ ಮಂಡಿಯೂರಿದಳು. ಮಂಚದ ಕಾಲನ್ನು ಚಕ್ರದಡಿ ತುರುಕಿದಳು. ಕಿರ್ ಎಂದಿತು. ನಿಂತಿತು. ಕುದುರೆಗೂ ನಾದಿನಿಗೂ ನಡುವೆ ಒಂದು ಮುತ್ತಿಗಾಗುವಷ್ಟು ಜಾಗ ಉಳಿದಿತ್ತು.

ಮೇಲ್ವಿಚಾರಕ ಬೈಯಲು ಬಾಯಿ ತೆರೆದ. ಡ್ರೈವರಮ್ಮ ಮಂಚದ ಕಥೆ ಪೂರ್ತಿ ಹೇಳಿದಳು. ತೆರೆದ ಬಾಯಿ ಹಾಗೇ ಉಳಿಯಿತು.

"ನಾಳೆ ಕಬ್ಬಿಣದ್ದು ತರಿಸ್ತೀನಮ್ಮ. ಇದನ್ನ ನೀವೇ ತಗೊಂಡು ಹೋಗಿ," ಎಂದ ಕೊನೆಗೆ.

ಡ್ರೈವರಮ್ಮ ಬಗ್ಗಿ ನೋಡಿದಳು. ಮರದ ಮೇಲೆ ಚಕ್ರ ಕೂತು ಕೂತು ಹಳ್ಳ ಬಿದ್ದಿತ್ತು. ಗಂಡ ದಿನಾ ಬಗ್ಗಿ ಇಟ್ಟದ್ದು, ದಿನಾ ಬಗ್ಗಿ ತೆಗೆದದ್ದು. ಆ ಹಳ್ಳದ ಅಂಚಿನ ಮೇಲೆ ಬೆರಳಾಡಿಸಿದಳು.

"ಬೇಡ. ಮನೆಗೆ ಒಯ್ದರೆ ಮಂಚದ ಕೆಳಗೆ ಇಣುಕಿ ಯಾರು ನೋಡ್ತಾರೆ? ಇಲ್ಲೇ ಇರ್ಲಿ. ಬಂದೋರೆಲ್ಲ ನೋಡ್ಲಿ."

"ಸಂತೋಷ! ಇದಕ್ಕೂ ಒಂದು ಬೋರ್ಡ್ ಹಾಕಿಸ್ತೀನಿ. ಡ್ರೈವರ್ ಪತ್ನಿ ದಾನ ಕೊಟ್ಟದ್ದು ಅಂತ."

"ದಾನ?" ಡ್ರೈವರಮ್ಮ ಸೊಂಟಕ್ಕೆ ಕೈ ಕೊಟ್ಟಳು. "ನನ್ನ ಕೇಳಿ ತಂದ್ರಾ ಅವರು? ಕದ್ದದ್ದು ಅಂತ ಬರೆಸಿ! ದಪ್ಪ ಅಕ್ಷರದಲ್ಲಿ!"

ಮೇಲ್ವಿಚಾರಕ ತಲೆ ಕೆರೆದುಕೊಂಡ. "ಕದ್ದ ಮಾಲನ್ನ ಇಲ್ಲಿ ಇಡೋ ಹಾಗಿಲ್ವಲ್ಲಮ್ಮ. ನಿಮ್ಮ ಯಜಮಾನರು ಕದ್ದಿದ್ದು ಅಂದ್ರೆ..."

"ಏನ್ರೀ ಅಂದ್ರಿ?" ಡ್ರೈವರಮ್ಮನ ಕಣ್ಣಲ್ಲಿ ನೀರು, ಬಾಯಲ್ಲಿ ಬೆಂಕಿ. "ನಮ್ಮನೆಯವರು ಕಳ್ಳರಾ? ನಾಲಿಗೆ ಬಿಗಿ ಹಿಡೀರಿ! ನಾನೇ ಕೈಯಾರೆ ಬಿಚ್ಚಿ ಕೊಟ್ಟಿದ್ದು!"